ಕೃಷಿ ಹೊಂಡದ ಅಟ್ಟಣೆಗೆ ಎಂಥ ಏಣಿ ಹಾಕಿಸಬೇಕು?

ಪಾಂಡವಪುರದ ರೈತ:
ಎಲ್ಲರಿಗೂ ನಮಸ್ಕಾರ. ನಮ್ಮದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡ. ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಕಾಟ್ಲಾ, ರೋಹು ಬಿಟ್ಟಿದ್ದೇವೆ. ಮೀನಿಗೆ ಮೇವು ಹಾಕಲು ಏರಿಯಿಂದ ನೀರಿನ ಮೇಲಕ್ಕೆ 8 ಅಡಿ ಚಾಚಿದ ಕಬ್ಬಿಣದ ಅಟ್ಟಣೆ ಮಾಡಿಸಿ, ಹಲಗೆ ಬಡಿಸಿದ್ದೇವೆ. ಅದರ ತುದಿಗೆ ಈಗ ಏಣಿ ಬೇಕು. ಮೋಟಾರಿನ ಪೈಪಿಗೆ ನೀರಿನೊಳಗಿನ ತುದಿಯಲ್ಲಿರುವ ಫುಟ್‌ವಾಲ್ವ್‌ಗೆ ಕಸ ಕಟ್ಟಿದಾಗ ಇಳಿಯುವವರು ನಮ್ಮಪ್ಪ. ವಯಸ್ಸು ಅರವತ್ತು ದಾಟಿದೆ, ಮಂಡಿ ನೋವು ಬೇರೆ. ರಜೆಗೆ ಬರುವ ಅಕ್ಕನ ಮಕ್ಕಳೂ ಈಜುತ್ತಾರೆ. ಬಿದಿರಿನದೇ ಸಾಕು ಅನ್ನುತ್ತಾರೆ ಅಪ್ಪ. ಅಂಗಡಿಯವರು ಅಲ್ಯೂಮಿನಿಯಂ ಅನ್ನುತ್ತಾರೆ, ವೆಲ್ಡಿಂಗ್ ಶಾಪಿನವರು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್. ಹಾಳೆ ತೂತಾಗಬಾರದು, ಅಷ್ಟೇ.

ಮದ್ದೂರು ತೆಂಗು:
ಬಿದಿರು ಬೇಡಿ ಅಣ್ಣ. ನೀರು ಏರಿ ಇಳಿಯುವ ಜಾಗದಲ್ಲೇ ಕೊಳೆಯುತ್ತದೆ. ಮುರಿದರೆ ಅದರ ಸಿಬಿರೇ ಹಾಳೆಗೆ ಚುಚ್ಚುತ್ತದೆ.

ಮೈಸೂರು ಫ್ಯಾಬ್ರಿಕೇಶನ್:
ಲೋಹ ಯಾವುದು ಅನ್ನುವುದಕ್ಕಿಂತ ಮೊದಲು ಉದ್ದ ನೋಡಿ. ಹೊಂಡ ತುಂಬಿರುವಾಗ ಅಳತೆ ಕೊಡಬೇಡಿ. ಏಪ್ರಿಲ್‌ನಲ್ಲಿ ನೀರು ಎಲ್ಲಿಗೆ ಇಳಿಯುತ್ತದೋ, ಅಲ್ಲಿಂದಲೂ ಕೆಳಗೆ ಮೂರು ಮೆಟ್ಟಿಲು ಮುಳುಗಿರಬೇಕು. ಈಜಿ ಸುಸ್ತಾದವರು ನೀರಿನ ಮೇಲಿರುವ ಮೊದಲ ಮೆಟ್ಟಿಲಿಗೆ ಕಾಲು ಎತ್ತಿಡಲು ಆಗುವುದಿಲ್ಲ. ಹೊಂಡದ ಇಳಿಜಾರು ಒಂದಕ್ಕೊಂದು, ಅಂದರೆ ಒಂದಡಿ ಒಳಕ್ಕೆ ಹೋದರೆ ಒಂದಡಿ ಆಳ, ಇದ್ದರೆ ಅಟ್ಟಣೆ ತುದಿಯಲ್ಲಿ ಆಳವೂ ಸುಮಾರು 8 ಅಡಿ. ಏಣಿ ಹಾಳೆಯಿಂದ ಒಂದಡಿ ಮೇಲೆ ನಿಲ್ಲಲಿ, ಭಾರವೆಲ್ಲ ಅಟ್ಟಣೆಯ ಮೇಲೇ ಬೀಳಲಿ. ಕೆಳಗೆ ಓಲಾಡದ ಹಾಗೆ ಫ್ರೇಮಿಗೆ ಓರೆ ಪಟ್ಟಿ ಕೊಡಿಸಿ.

ದುಂಡು ಕಂಬಿಯ ಮೆಟ್ಟಿಲು ಸುತರಾಂ ಬೇಡ. ಬರಿಗಾಲಿಗೆ ನೋವು, ಪಾಚಿ ಹಿಡಿದರೆ ಜಾರುತ್ತದೆ. ನಾಲ್ಕು ಇಂಚು ಅಗಲದ ಚಪ್ಪಟೆ ಮೆಟ್ಟಿಲು, ಅಡಿಗೊಂದು. ಕಾಲ್ಬೆರಳು ಒಳಗೆ ಹೋಗಲು ಏಣಿಗೂ ಅಟ್ಟಣೆಗೂ ನಡುವೆ ಆರೇಳು ಇಂಚು ಸಂದು ಬೇಕು. ಕೈಹಿಡಿ ಹಲಗೆಯಿಂದ ಮೂರಡಿ ಮೇಲೆ ಬರಲಿ. ಹತ್ತುವಾಗ ಕೊನೆಯ ಹೆಜ್ಜೆಯೇ ಕಷ್ಟ, ನಿಮ್ಮಪ್ಪನಿಗಂತೂ ಅಲ್ಲೇ ಆಸರೆ ಬೇಕು. ನೆಟ್ಟಗಿಡುವ ಬದಲು ಸ್ವಲ್ಪ ಓರೆಯಾಗಿಟ್ಟರೆ ಮಂಡಿಗೂ ಹಿತ.

ಸಿಹಿನೀರಿಗೆ 316 ಸ್ಟೇನ್‌ಲೆಸ್ ಬೇಕಿಲ್ಲ, ಅದು ಸಮುದ್ರದ ಕಡೆಗೆ. ಜಿಐ ಆದರೆ ವೆಲ್ಡಿಂಗ್ ಎಲ್ಲ ಮುಗಿಸಿ ಆಮೇಲೆ ಸತುವಿನಲ್ಲಿ ಅದ್ದಿಸಿ. ಮೊದಲೇ ಅದ್ದಿದ ಪೈಪಿಗೆ ವೆಲ್ಡಿಂಗ್ ಮಾಡಿದರೆ ಸತು ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರು. ನಿಮ್ಮ ಜಾಗಕ್ಕೆ ನಾನು ಅಲ್ಯೂಮಿನಿಯಂ ಅನ್ನುತ್ತೇನೆ. ಹಗುರ, ಆಗಾಗ ಮೇಲೆತ್ತಿ ಪಾಚಿ ಉಜ್ಜಬಹುದು. ಆದರೆ ಕಬ್ಬಿಣಕ್ಕೆ ತಾಗುವ ಕಡೆ ರಬ್ಬರ್ ಪಟ್ಟಿ, ನೈಲಾನ್ ವಾಷರ್ ಇರಲೇಬೇಕು. ಇಲ್ಲದಿದ್ದರೆ ಎರಡು ಲೋಹ ಸೇರಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹಲಗೆಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ. ಫ್ರೇಮಿನ ಮೂಲಕವೇ 12 ಎಂಎಂ ಬೋಲ್ಟ್ ಹಾಯಿಸಿ, ಅಲುಗಾಡಿದರೂ ಸಡಿಲವಾಗದ ನೈಲಾಕ್ ನಟ್ ಹಾಕಿಸಿ.

ಕೆ.ಆರ್.ಪೇಟೆ ಗೃಹಿಣಿ:
ಏಣಿ ಇರುವುದು ಒಂದೇ ಕಡೆ ಅಲ್ವಾ? ಎದುರು ದಡದಲ್ಲಿ ಮಗು ಜಾರಿದರೆ? ಒದ್ದೆ ಹಾಳೆಯ ಮೇಲೆ ದೊಡ್ಡವರಿಗೇ ಕಾಲು ನಿಲ್ಲುವುದಿಲ್ಲ. ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ, ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ ತಳದವರೆಗೆ ಇಳಿಬಿಡಿ. ಸುತ್ತ ತಂತಿ ಬೇಲಿ, ಬೀಗ ಇರುವ ಗೇಟು. ಸುಮ್ನೆ ಹೇಳುತ್ತಿಲ್ಲ, ಮಕ್ಕಳು ಬರುವ ಮನೆಯಲ್ಲಿ ಏಣಿಗಿಂತ ಮೊದಲು ಇದು ಆಗಬೇಕು.

ಪಾಂಡವಪುರದ ರೈತ:
ಹಗ್ಗ ಇವತ್ತೇ ತರುತ್ತೇನೆ ಅಕ್ಕ. ಸರ್, ಅಲ್ಯೂಮಿನಿಯಂ ಅಂದಿರಿ. ಮೋಟಾರು ಅಟ್ಟಣೆಯ ಪಕ್ಕದಲ್ಲೇ ಇದೆ, ತೊಂದರೆ ಇಲ್ಲವಾ?

ಮೈಸೂರು ಫ್ಯಾಬ್ರಿಕೇಶನ್:
ಒಳ್ಳೆಯದಾಯಿತು ಕೇಳಿದ್ದು. ಕೇಬಲ್ ಸುಲಿದು ಕಬ್ಬಿಣಕ್ಕೆ ತಾಗಿದರೆ ಅಟ್ಟಣೆ, ಏಣಿ ಎರಡಕ್ಕೂ ಕರೆಂಟ್ ಬರುತ್ತದೆ. ಕೇಬಲ್ ಅಟ್ಟಣೆಯ ಮೇಲೆ ಹಾಯದಂತೆ ಬೇರೆ ದಾರಿಯಲ್ಲಿ ತನ್ನಿ. ಸ್ಟಾರ್ಟರ್ ಬಾಕ್ಸಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಮೋಟಾರಿಗೂ ಅಟ್ಟಣೆಗೂ ಸರಿಯಾದ ಅರ್ತಿಂಗ್ ಕೊಡಿಸಿ. ಯಾರೇ ನೀರಿಗಿಳಿಯಲಿ, ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು.