ರಷ್ಯನ್ ‘ಪೆಚಾಲ್’, ನಮ್ಮ ‘ಪಾಕ’, ಮತ್ತೆ ‘ಮರುಗು’ ಬಗ್ಗೆ ಒಂದು ಪ್ರಶ್ನೆ

ರಷ್ಯನ್ ಭಾಷೇಲಿ ದುಃಖಕ್ಕೆ ಇರೋ ಪದಗಳಲ್ಲಿ ಒಂದು ಪೆಚಾಲ್. ಬರೆಯೋದು ಹಾಗೆ, ಬಾಯಲ್ಲಿ ಪಿಚಾಲ್ ಅಂತ ಕೇಳಿಸುತ್ತೆ. ಈಗಿನ ಹುಡುಗರು ಚಾಟ್‌ನಲ್ಲಿ ಇದಕ್ಕೇ ಮುದ್ದು ರೂಪ ಕೊಟ್ಟು ಪೆಚಾಲ್ಕ ಅಂತ ಹಾಕ್ತಾರೆ, ಟಿಕೆಟ್ ಸಿಗಲಿಲ್ಲ, ಮಳೆ ಬಂದು ಪ್ಲಾನ್ ಕೆಟ್ಟೋಯ್ತು ಅನ್ನೋ ಥರದ ಸಣ್ಣ ಬೇಜಾರಿಗೆ. ಇದರ ಬೇರು ಹುಡುಕ್ಕೊಂಡು ಹೋದ್ರೆ ನೇರ ಅಡುಗೆಮನೆಗೆ ಹೋಗಿ ನಿಲ್ತೀವಿ. ಪೆಚ್ ಅಂದ್ರೆ ಒಲೆ, ಅದೇ ಕ್ರಿಯಾಪದವಾದ್ರೆ ಒಲೇಲಿ ಬೇಯಿಸೋದು, ರೊಟ್ಟಿ ಬ್ರೆಡ್ಡು ಬೇಯಿಸ್ತಾರಲ್ಲ ಹಾಗೆ. ಪೆಚೇನ್ಯೆ ಅಂದ್ರೆ ಬಿಸ್ಕತ್ತು. ಪೇಚೆನ್ ಅಂದ್ರೆ ಲಿವರ್, ಸುಟ್ಟು ತಿನ್ನೋ ಭಾಗ ಅನ್ನೋದ್ರಿಂದ ಬಂದಿದ್ದು. ಇದೇ ಬೇರಿಂದ ಹುಟ್ಟಿದ್ದು ಪೆಚಾಲ್.

ಈ ಬೇರು ನಮಗೆ ಹೊಸದಲ್ಲ, ಸಂಸ್ಕೃತದ ಪಚ್ ಧಾತು ಇದೆಯಲ್ಲ, ಅದೇ. ಪಚನ, ಪಕ್ವ, ಪರಿಪಕ್ವ, ಬೆಲ್ಲದ ಪಾಕ, ಮೈಸೂರ್ ಪಾಕ್, ಹಿಂದಿ ದಾರೀಲಿ ಬಂದು ನಮ್ಮ ಬಾಯಿಗೆ ಹತ್ತಿರೋ ಪಕ್ಕಾ, ಎಲ್ಲಾ ಅದರದ್ದೇ. ಲ್ಯಾಟಿನ್‌ನಲ್ಲಿ ಅದು ಕೊಕ್ವೆರೆ ಆಯ್ತು, ಅಲ್ಲಿಂದ ಇಂಗ್ಲಿಷಿನ ಕುಕ್, ಕಿಚನ್, ಫ್ರೆಂಚಿನ ಕ್ವಿಸೀನ್. ಬಿಸ್ಕತ್ತಿನ ಕೊನೇಲಿ ಇರೋದೂ ಅದೇ, ಎರಡು ಸಲ ಬೆಂದಿದ್ದು ಅಂತ ಅರ್ಥ. ಅಂದ್ರೆ ಬಿಸ್ಕತ್ತು ಮತ್ತು ಪೆಚೇನ್ಯೆ ಕೇಳೋಕೆ ಏನೂ ಹೋಲಿಕೆ ಇಲ್ಲದಿದ್ರೂ ಬೇರು ಒಂದೇ. ಗ್ರೀಕ್‌ನಲ್ಲಿ ಪೆಪ್ಸಿಸ್, ಹೊಟ್ಟೆಯೊಳಗಿನ ಪಚನ, ಡಿಸ್ಪೆಪ್ಸಿಯಾ ಅನ್ನೋ ಕಾಯಿಲೆ ಹೆಸರಿಂದಲೇ 1898ರಲ್ಲಿ ಪೆಪ್ಸಿ ಕೋಲಾಗೆ ಹೆಸರು ಬಿತ್ತು.

ಆದ್ರೆ ಈ ಇಷ್ಟೂ ಭಾಷೆಗಳಲ್ಲಿ ಅಡುಗೆ, ಜೀರ್ಣ, ಹಣ್ಣಾಗೋದು, ಇಷ್ಟರಲ್ಲೇ ಅರ್ಥ ಸುತ್ತಾಡ್ತಾ ಇದ್ರೆ ರಷ್ಯನ್, ಜೆಕ್, ಪೋಲಿಷ್, ಬಲ್ಗೇರಿಯನ್ ಇರೋ ಸ್ಲಾವಿಕ್ ಗುಂಪಿನ ಭಾಷೆಗಳು ಮಾತ್ರ ಅದನ್ನ ಮನಸ್ಸಿನೊಳಗೆ ತಗೊಂಡು ಹೋಗಿಬಿಟ್ಟಿವೆ. ನಡುವೆ ಇರೋ ಮೆಟ್ಟಿಲು ಅಂದ್ರೆ ಕಾಳಜಿ. ಪೆಚ್‌ಸ್ಯ ಅನ್ನೋ ಕ್ರಿಯಾಪದ ರಷ್ಯನ್‌ನಲ್ಲಿ ಇವತ್ತಿಗೂ ಎರಡು ಕೆಲಸ ಮಾಡುತ್ತೆ, ಒಲೇಲಿ ಕಡುಬು ಬೇಯ್ತಾ ಇದೆ ಅನ್ನೋಕೂ ಅದೇ, ತಾಯಿ ಮಕ್ಕಳ ಬಗ್ಗೆ ಕಾಳಜಿ ಮಾಡ್ತಾಳೆ ಅನ್ನೋಕೂ ಅದೇ. ಮಕ್ಕಳಿಗೋಸ್ಕರ ಬೇಯ್ತಾಳೆ ಅಂತ ಕನ್ನಡದಲ್ಲಿ ಹೇಳಿದ್ರೂ ಯಾರಿಗೂ ವಿವರಿಸಬೇಕಾಗಿಲ್ಲ ನೋಡಿ. ಚರ್ಚಿನ ಹಳೇ ಸ್ಲಾವಿಕ್ ಭಾಷೇಲಿ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆದ್ರೆ, ಏನು ತಿನ್ನೋದು ಏನು ಕುಡಿಯೋದು ಅಂತ ಚಿಂತೆ ಮಾಡಬೇಡಿ ಅನ್ನೋ ಮಾತು ಇದೆಯಲ್ಲ, ಅಲ್ಲಿ ಇರೋದು ‘ನೆ ಪೆತ್ಸೀತೆಸ್ಯ’, ಅಕ್ಷರಕ್ಕೆ ಅಕ್ಷರ ನೋಡಿದ್ರೆ ‘ಬೇಯಬೇಡಿ’. ಊಟದ ಚಿಂತೆಗೆ ಅಡುಗೆಯ ಪದವೇ ಬಂದು ಕೂತಿರೋದು ನನಗಂತೂ ತುಂಬಾ ಇಷ್ಟವಾದ ಜಾಗ.

ಈ ಕಾಳಜಿ ಅನ್ನೋ ಅರ್ಥದಿಂದ ಹೊರಟಿರೋ ಪದಗಳು ಬಹಳ. ಜೆಕ್ ಭಾಷೇಲಿ ಪೇಚೆ ಅಂದ್ರೆ ಆರೈಕೆ, ಪೋಲಿಷ್‌ನಲ್ಲಿ ಒಪ್ಯೇಕ, ರಷ್ಯನ್‌ನಲ್ಲಿ ತಂದೆತಾಯಿ ಇಲ್ಲದ ಮಗುವಿನ ಪೋಷಕನಿಗೆ ಅಪೆಕೂನ್. ಇದರ ಶುರುವಿಗೆ ‘ಇಲ್ಲದೆ’ ಅನ್ನೋ ಅರ್ಥದ ಉಪಸರ್ಗ ಸೇರಿಸಿದ್ರೆ ಭಾಷೆಗೊಂದು ಅರ್ಥ: ರಷ್ಯನ್ನರ ಬೆಸ್ಪೇಚ್ನಿ ಚಿಂತೆಯಿಲ್ಲದವನು, ಸ್ವಲ್ಪ ಬೇಜವಾಬ್ದಾರಿ ಅಂತಾನೂ, ಜೆಕ್ ಮತ್ತು ಪೋಲಿಷರಿಗೆ ಅದೇ ಪದ ಸುರಕ್ಷಿತ. ಲ್ಯಾಟಿನ್‌ನ ಸೆಕ್ಯೂರುಸ್ ಕಟ್ಟಿರೋದೂ ಹೀಗೇ, ಸೆ ಅಂದ್ರೆ ಇಲ್ಲದೆ, ಕೂರ ಅಂದ್ರೆ ಚಿಂತೆ, ಅದರಿಂದಲೇ ಸೆಕ್ಯೂರಿಟಿ. ಕಮ್ಯುನಿಸ್ಟ್ ಕಾಲದ ಚೆಕೊಸ್ಲೊವಾಕಿಯಾದಲ್ಲಿ ಜನ ಹೆದರಿ ನಡುಗ್ತಿದ್ದ ಗುಪ್ತ ಪೊಲೀಸ್ ಇಲಾಖೆಯ ಹೆಸರು ಸ್ತಾತ್ನಿ ಬೆಸ್ಪೆಚ್ನೊಸ್ತ್, ರಾಜ್ಯದ ಭದ್ರತೆ ಅಂತ. ಆ ಹೆಸರೊಳಗೂ ನಮ್ಮ ಪಾಕ ಕೂತಿದೆ.

ಒಂದು ಎಚ್ಚರಿಕೆ, ಪೇಚೆ ಅಂತ ಕೇಳಿದ ತಕ್ಷಣ ನಮ್ಮ ಪೇಚಾಟ ನೆನಪಾಗುತ್ತೆ, ಅದು ಬೇರೆ. ಪೇಚು ಬಂದಿದ್ದು ಪಾರ್ಸಿಯಿಂದ, ಅಲ್ಲಿ ಅದು ತಿರುಚು, ಸುತ್ತು ಅನ್ನೋ ಅರ್ಥದ್ದು. ಸದ್ದು ಮಾತ್ರ ಒಂದೇ.

ಇನ್ನು ಬಲ್ಗೇರಿಯಾಗೆ ಹೋದ್ರೆ ಕಥೆ ಇನ್ನೂ ದೂರ ಹೋಗಿದೆ. ಅಲ್ಲೂ ಪೆಚಾಲ್ ಅಂದ್ರೆ ದುಃಖವೇ, ಆದ್ರೆ ಪೆಚಾಲ್ಬ ಅಂದ್ರೆ ಲಾಭ! ಕಂಪನಿ ಲೆಕ್ಕಪತ್ರದಲ್ಲಿ ನಿವ್ವಳ ಲಾಭಕ್ಕೂ ಅದೇ ಪದ, ಪೆಚೇಲ್ಯ ಅಂದ್ರೆ ಗೆಲ್ತೀನಿ, ಗಳಿಸ್ತೀನಿ. ಚಿಂತೆ ಮಾಡೋದು, ಮೈಮುರಿದು ಪಾಡು ಪಡೋದು, ಹಾಗೆ ಪಾಡುಪಟ್ಟು ಕೈಗೆ ಬಂದಿದ್ದು, ಈ ದಾರೀಲಿ ಅರ್ಥ ನಡೆದಿದೆ. ನಾವು ಕಷ್ಟಾರ್ಜಿತ ಅಂತೀವಲ್ಲ, ಅದರಲ್ಲಿ ಅರ್ಜಿತ ಉದುರಿ ಕಷ್ಟ ಅನ್ನೋದೇ ಸಂಪಾದನೆ ಅಂತ ಆಗಿಬಿಟ್ಟಿದ್ರೆ ಹೇಗಿರುತ್ತಿತ್ತೋ ಹಾಗೆ. ಮ್ಯಾಸಿಡೋನಿಯಾದಲ್ಲಿ ಪೆಚಾಲ್ಬರ್ ಅಂದ್ರೆ ದುಡಿಮೆಗೆ ಅಂತ ಊರು ಬಿಟ್ಟು ಹೋದವನು. ಗಲಿಚ್ನಿಕ್ ಥರದ ಗುಡ್ಡದ ಹಳ್ಳಿಗಳಿಂದ ಗಂಡಸರು ವರ್ಷಗಟ್ಟಲೆ ಪರಊರಲ್ಲಿ ದುಡೀತಿದ್ರು, ಜುಲೈ 12ರ ಪೇತ್ರೋವ್‌ದೆನ್ ಹಬ್ಬದ ಹೊತ್ತಿಗೆ ಮನೆಗೆ ಬರ್ತಿದ್ರು, ಅದಕ್ಕೇ ಊರಿನ ಮದುವೆಗಳೆಲ್ಲ ಆ ಹೊತ್ತಲ್ಲೇ. ಗಲಿಚ್ನಿಕ್ ಮದುವೆ ಅಂತ ಈಗಲೂ ಪ್ರತಿ ಜುಲೈನಲ್ಲಿ ಅಲ್ಲಿ ಉತ್ಸವ ಮಾಡ್ತಾರೆ. ಬಿಟ್ಟು ಬಂದ ಮನೆ, ಕಳಿಸಿದ ದುಡ್ಡು, ಎರಡೂ ಒಂದೇ ಪದದೊಳಗೆ. ನಮ್ಮ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯೋಕೆ ಹೋದವರ ಮನೆಗಳಲ್ಲಿ ಇದನ್ನ ಹೇಳಿದ್ರೆ ಅರ್ಥ ಆಗದೇ ಇರೋರು ಯಾರೂ ಇರಲ್ಲ ಅನ್ಸುತ್ತೆ.

ರಷ್ಯನ್‌ನ ಇನ್ನೊಂದು ಪದ ಗೋರೆ, ಸಾವಿನಂಥ ದೊಡ್ಡ ದುಃಖಕ್ಕೆ. ಅದೂ ಬೆಂಕಿಯದ್ದೇ, ಗರೇತ್ ಅಂದ್ರೆ ಉರಿಯೋದು. ಇದರ ನಂಟರು ಸಂಸ್ಕೃತದ ಘರ್ಮ, ಗ್ರೀಕಿನ ಥರ್ಮೋಸ್, ಪಾರ್ಸಿ ಮೂಲಕ ಬಂದ ನಮ್ಮ ಗರಂ ಮಸಾಲೆಯ ಗರಂ. ನಾಲಿಗೆ ಉರಿಸೋದಕ್ಕೆ ಗೋರ್ಕಿ, ಅಂದ್ರೆ ಕಹಿ, ಸಾಸಿವೆ ಗರ್ಚೀತ್ಸ. ರಷ್ಯನ್ ಮದುವೇಲಿ ನೆಂಟರೆಲ್ಲ ಗೋರ್ಕ, ಗೋರ್ಕ ಅಂತ ಕೂಗ್ತಾರೆ, ಕಹಿ ಕಹಿ ಅಂತ, ಗಂಡುಹೆಣ್ಣು ಮುತ್ತು ಕೊಟ್ಟು ಆ ಕಹಿ ಕಳೀಬೇಕು. ಗೋರೆ ಬಗ್ಗೆ ಬರೆಯೋವಾಗ ಪದಗಳ ಮೂಲ ಹುಡುಕೋ ನಿರುಕ್ತಕಾರರು ಪಕ್ಕದಲ್ಲಿ ಇಡೋ ಹೋಲಿಕೆ ನಮ್ಮ ಶೋಕ. ಶುಚ್ ಅಂದ್ರೆ ಉರಿ, ಹೊಳೆ. ಉರಿದು ಹೊಳೆಯೋದು ಶುಚಿ, ಒಳಗೇ ಉರಿಯೋದು ಶೋಕ. ಯಜುರ್ವೇದದಲ್ಲಿ ಬೇಸಿಗೆಯ ಎರಡು ತಿಂಗಳ ಹೆಸರೇ ಶುಕ್ರ, ಶುಚಿ. (ಇಂಗ್ಲಿಷಿನ ಸ್ಯಾಡ್ ಬೆಂಕಿಯದ್ದಲ್ಲ, ಆದ್ರೆ ಊಟದ್ದೇ, ಜರ್ಮನ್‌ನಲ್ಲಿ ಅದರ ಜೋಡಿ ಜಾಟ್ ಅಂದ್ರೆ ಇವತ್ತಿಗೂ ಹೊಟ್ಟೆ ತುಂಬಿದ್ದು. ತುಂಬಿದ್ದು ಭಾರವಾಗಿ, ಭಾರ ಗಾಂಭೀರ್ಯವಾಗಿ, ಕೊನೆಗೆ ದುಃಖ ಆಯ್ತು. ರಷ್ಯನ್ ತಸ್ಕಾ ಇದಕ್ಕೆ ತದ್ವಿರುದ್ಧ, ಅದರ ನಂಟು ಬರಿದು ಅನ್ನೋ ಅರ್ಥದ ಪದಗಳ ಜೊತೆ, ನಮ್ಮ ತುಚ್ಛವೂ ಆ ಕಡೆಯದ್ದೇ.)

ಈಗ ನಾನು ಕೇಳಬೇಕು ಅಂತಿರೋದು. ದುಃಖಕ್ಕೆ ಬೆಂಕಿಯ ಪದ ಅನ್ನೋದು ಬರೀ ರಷ್ಯನ್, ಸಂಸ್ಕೃತ, ಲ್ಯಾಟಿನ್ ಎಲ್ಲ ಸೇರೋ ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಗುಣ ಅಲ್ಲ, ದ್ರಾವಿಡ ಭಾಷೆಗಳಲ್ಲೂ ಸ್ವಂತವಾಗಿ ಬಂದಿದೆ. ಬೇಗೆ, ಬೇಗುದಿ, ನೊಂದು ಬೆಂದು ಅನ್ನೋದು ಎಲ್ಲರಿಗೂ ಗೊತ್ತು. ಅಳಲು ಹಳಗನ್ನಡದಲ್ಲಿ ಅೞಲ್, ತಮಿಳಲ್ಲಿ ಅದೇ ಪದ ಬೆಂಕಿ. ನನ್ನ ಕುತೂಹಲ ಮರುಗು ಬಗ್ಗೆ. ಕನ್ನಡದಲ್ಲಿ ಈಗ ಅದು ಬರೀ ಮನಸ್ಸಿನದ್ದು, ಬೇರೆಯವರ ಕಷ್ಟ ನೋಡಿ ಮರುಗಿದ ಅಂತ. ತೆಲುಗಲ್ಲಿ ನೀಳ್ಳು ಮರುಗುತುನ್ನಾಯಿ ಅಂದ್ರೆ ನೀರು ಕುದೀತಾ ಇದೆ ಅಷ್ಟೇ. ನಮ್ಮಲ್ಲಿ ನೀರಿಗೆ ಉಳಿದಿರೋದು ಮರಳು, ಎಸರು ಮರಳಿತು ಅಂತೀವಿ. ಹಾಗಾದ್ರೆ ಮರುಗು ಅನ್ನೋದನ್ನ ನೀರಿಗೆ, ಹಾಲಿಗೆ, ಸಾರಿಗೆ ಹೇಳೋ ಊರು ಕನ್ನಡದಲ್ಲಿ ಇನ್ನೂ ಇದೆಯಾ? ಪಾವಗಡ, ಕೋಲಾರ, ಬಳ್ಳಾರಿ ಕಡೆ ಎರಡೂ ಭಾಷೆ ಆಡೋರು ಮನೇಲಿ ಹೇಗಂತಾರೆ, ಕನ್ನಡ ಮಾತಾಡೋವಾಗ ‘ಹಾಲು ಮರುಗ್ತಾ ಇದೆ’ ಅನ್ನೋದು ಬರುತ್ತಾ, ಇಲ್ಲಾ ಅದನ್ನ ತೆಲುಗು ಅಂತ ಬೇರೆಯಾಗೇ ಇಟ್ಕೋತಾರಾ? ಮನೇಲಿ ಅಜ್ಜಿಯೋ ದೊಡ್ಡಮ್ಮನೋ ಹಾಗೆ ಅಂದಿದ್ದು ನೆನಪಿದ್ರೆ ಊರು, ತಾಲ್ಲೂಕು ಸಮೇತ ದಯವಿಟ್ಟು ತಿಳಿಸಿ, ಯಾವ ಪಾತ್ರೆ ಯಾವ ಪದಾರ್ಥಕ್ಕೆ ಅಂದ್ರು ಅನ್ನೋದನ್ನೂ ಸೇರಿಸಿ.