ಹಿನ್ನೀರಿಗೆ ಲೈವ್ ಕ್ಯಾಮೆರಾ: ಯಾವ ಕಡೆ ಮುಖ ಮಾಡಿ ಇಡೋಣ?

ಹಿನ್ನೀರದಡ ಕೇಳಿದ್ದು:

ನಮಸ್ಕಾರ. ನಾನು ಸಾಗರ ತಾಲ್ಲೂಕು ಕರೂರು ಹೋಬಳಿಯವಳು. ನಮ್ಮ ಪಂಚಾಯ್ತಿ ಲೈಬ್ರರಿ, ಈಗಿನ ಹೆಸರಲ್ಲಿ ಅರಿವು ಕೇಂದ್ರ, ನೋಡಿಕೊಳ್ಳುತ್ತೇನೆ. ಅದರ ತಾರಸಿಗೆ ಹತ್ತಿದರೆ ಶರಾವತಿ ಹಿನ್ನೀರು, ಎದುರಿನ ನಡುಗಡ್ಡೆ, ನಮ್ಮೂರಿನ ದಡ ಎಲ್ಲ ಕಾಣುತ್ತದೆ. ಅಲ್ಲೊಂದು ಕ್ಯಾಮೆರಾ ಕೂರಿಸಿ ಯೂಟ್ಯೂಬಿನಲ್ಲಿ ಲೈವ್ ಬಿಡೋಣ ಅಂತ ಯುವಕ ಸಂಘದವರೂ ನಾನೂ ಹೊರಟಿದ್ದೇವೆ.

ಯಾಕೆ ಅಂದರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಇಲ್ಲಿಂದ ಗಂಟುಮೂಟೆ ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಇದ್ದಾರೆ. ಬೇಸಿಗೆ ಬಂತೆಂದರೆ ಫೋನ್ ಶುರು. ‘ನೀರು ಎಷ್ಟು ಇಳೀತು? ಹಳೇ ರಸ್ತೆ ಎದ್ದಿದೆಯಾ? ನೀರಲ್ಲಿ ಮುಳುಗಿದ ಹಳೇ ಮಡೆನೂರು ಡ್ಯಾಂ ಕಾಣ್ತಾ?’ ಅಂತ ಕೇಳುತ್ತಾರೆ. ಅವರಿಗೆ ಇದು ಟೂರಿಸ್ಟ್ ಜಾಗ ಅಲ್ಲ, ಮನೆ ಇದ್ದ ಜಾಗ.

ಇನ್ನೊಂದು ಕಾರಣ ಇಲ್ಲೇ ಇರುವ ನಮ್ಮದು. ಮೊದಲು ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತ ಹೊಳೆಬಾಗಿಲು ದಡದಲ್ಲಿ ನಿಂತರೆ ಇಡೀ ಹೋಬಳಿಯ ಸುದ್ದಿ ಸಿಗುತ್ತಿತ್ತು. ಯಾರ ಮನೆಯಲ್ಲಿ ಮದುವೆ, ಯಾರ ತೋಟಕ್ಕೆ ಕೊಳೆ ರೋಗ ಬಂತು, ಯಾರನ್ನು ಮಣಿಪಾಲಕ್ಕೆ ಕರೆದೊಯ್ದರು, ಎಲ್ಲ. 2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಅದು ಆಗಲೇಬೇಕಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಹೊಳೆ ದಾಟುವುದು ಹೇಗೆ ಅಂತ ಹೆದರಿ ಬದುಕಿದವರು ನಾವು. ಆದರೆ ನಿಂತು ಮಾತಾಡುತ್ತಿದ್ದ ಜಾಗ ಒಂದು ತಪ್ಪಿಹೋಯಿತು, ಅದಕ್ಕೆ ಬದಲಿ ಏನಾದರೂ ಬೇಕು ಅಂತ ನನ್ನ ಆಸೆ.

ಈಗ ತೊಡಕು. ಫೈಬರ್ ಲೈನ್ ಇದೆ, ಆದರೆ ಮಳೆಗಾಲದಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಹುಡುಗರು ಸೂರ್ಯಾಸ್ತ ಬರುವ ಹಾಗೆ ಪಶ್ಚಿಮಕ್ಕೆ ತಿರುಗಿಸೋಣ ಅನ್ನುತ್ತಾರೆ, ಹಿರಿಯರು ದಡವೇ ಕಾಣಲಿ ಅನ್ನುತ್ತಾರೆ. ದಡದಲ್ಲಿ ನಮ್ಮ ಹೆಂಗಸರು ಬಟ್ಟೆ ಒಗೆಯುತ್ತಾರೆ. ಅನುಭವ ಇದ್ದವರು ಹೇಳಿ.

ಸಾಗರದ ಕೇಬಲಿನವ:

ಅಕ್ಕಾ, ಸಿಸಿಟಿವಿ ಹಾಕುವುದೇ ನನ್ನ ಕೆಲಸ. ಮೊದಲು ಲೆಕ್ಕ ನೋಡಿ. 720ಪಿ ವಿಡಿಯೊ ಬಿಡಲು ಸೆಕೆಂಡಿಗೆ 3 ಮೆಗಾಬಿಟ್ ಅಂತ ಇಟ್ಟುಕೊಂಡರೂ ಗಂಟೆಗೆ 1.35 ಜಿಬಿ, ದಿನವಿಡೀ ಓಡಿಸಿದರೆ 32 ಜಿಬಿ ಆಗುತ್ತದೆ. ದಿನಕ್ಕೆ 2 ಜಿಬಿಯ ಸಿಮ್ ಒಂದೂವರೆ ಗಂಟೆಗೆ ಖಾಲಿ. ಹಾಗಾಗಿ ಫೈಬರ್ ಇದ್ದಾಗ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಲೈವ್ ಬಿಡಿ. ಉಳಿದ ಹೊತ್ತು ಐದು ನಿಮಿಷಕ್ಕೊಂದು ಫೋಟೊ ಹೋಗಲಿ. ಒಂದು ಫೋಟೊ 300 ಕೆಬಿ ಅಂದರೂ ಹಗಲಿನದ್ದೆಲ್ಲ ಸೇರಿ 50 ಎಂಬಿ ದಾಟುವುದಿಲ್ಲ, ಫೈಬರ್ ಕೈಕೊಟ್ಟ ದಿನ ಸಿಮ್ಮಿನಲ್ಲೇ ನಡೆಯುತ್ತದೆ. ನೀರು ಏರಿದ್ದು ಇಳಿದದ್ದು ತಿಳಿಯಲು ಅಷ್ಟು ಸಾಕು.

ಪಶ್ಚಿಮಕ್ಕೆ ಬೇಡವೇ ಬೇಡ. ಮಧ್ಯಾಹ್ನದ ಮೇಲೆ ಲೆನ್ಸಿಗೆ ನೇರ ಬಿಸಿಲು ಹೊಡೆದು ನೀರು ಬರೀ ಬೆಳ್ಳಗೆ ಕಾಣುತ್ತದೆ. ಉತ್ತರಕ್ಕೆ ಮುಖ ಮಾಡಿ, ಮೇಲೆ ಅಗಲವಾದ ಶೀಟಿನ ಮಾಡು ಕೊಡಿ, ನಮ್ಮ ಮಳೆ ಅಡ್ಡಡ್ಡ ಹೊಡೆಯುವ ಮಳೆ. ರಾತ್ರಿಯ ಇನ್‌ಫ್ರಾರೆಡ್ ದೀಪ ಆರಿಸಿಡಿ. ಅದಕ್ಕೆ ಹುಳ ಬರುತ್ತದೆ, ಹುಳ ತಿನ್ನಲು ಜೇಡ ಬಂದು ಲೆನ್ಸಿನ ಮೇಲೆಯೇ ಬಲೆ ಕಟ್ಟುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಏಪ್ರಿಲ್, ಮೇ ತಿಂಗಳ ಸಿಡಿಲು. ತಾರಸಿಯಿಂದ ಕೆಳಗಿನ ರೂಟರಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಒಂದು ಸಿಡಿಲಿಗೆ ಕ್ಯಾಮೆರಾ, ರೂಟರ್ ಎರಡೂ ಸುಟ್ಟುಹೋದಾವು. ಆ ತುಂಡಿಗೂ ಫೈಬರ್ ಹಾಕಿ, ಕ್ಯಾಮೆರಾದ ಕರೆಂಟಿಗೆ ದಿಢೀರ್ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೊಡಿ, ಮೋಡ ಕಟ್ಟಿದ ಕೂಡಲೆ ಪ್ಲಗ್ ಕೀಳುವುದು ಯಾರ ಕೆಲಸ ಅಂತ ಈಗಲೇ ಗೊತ್ತು ಮಾಡಿ. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಮೈಕ್ ಪೂರ್ತಿ ಬಂದ್.

ಭದ್ರಾವತಿಯ ಮೊಮ್ಮಗ:

ಮುಳುಗಡೆಯಲ್ಲಿ ಬಂದ ಮನೆಯವನು ನಾನು, ಇದನ್ನು ಓದಿ ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ: ‘ಯಾವ ಗುಡ್ಡ ಯಾವುದು ಅಂತ ಹೇಳೋರು ಇರ್ತಾರಾ?’

ನನಗೂ ಅದೇ ಮುಖ್ಯ ಅನ್ನಿಸಿತು. ಬರೀ ನೀರು ತೋರಿಸಿದರೆ ಒಂದು ವಾರ ನೋಡುತ್ತೇವೆ, ಆಮೇಲೆ ಬಿಡುತ್ತೇವೆ. ಅಲಾಸ್ಕಾದ ಕಟ್ಮೈ ಉದ್ಯಾನದಲ್ಲಿ ಬ್ರೂಕ್ಸ್ ಜಲಪಾತಕ್ಕೆ ಕ್ಯಾಮೆರಾ ಇಟ್ಟಿದ್ದಾರೆ, ಮೀನು ಹಿಡಿಯುವ ಕರಡಿಗಳು ಕಾಣುತ್ತವೆ. ಅಲ್ಲಿ ಜನ ವರ್ಷವರ್ಷವೂ ಮರಳಿ ಬರುವುದಕ್ಕೆ ಕರಡಿ ಮಾತ್ರ ಕಾರಣ ಅಲ್ಲ. ರೇಂಜರುಗಳು ಆಗಾಗ ಲೈವಿನಲ್ಲಿ ಕೂತು ಯಾವ ಕರಡಿ ಯಾವುದು ಅಂತ ಹೇಳುತ್ತಾರೆ, ನೋಡುವವರ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ನಮ್ಮಲ್ಲೂ ವಾರಕ್ಕೊಂದು ಸಂಜೆ ಊರಿನ ಹಿರಿಯರೊಬ್ಬರು ಕೂತು, ಆ ನಡುಗಡ್ಡೆ ಮೊದಲು ಯಾರ ಬ್ಯಾಣ (ಹುಲ್ಲುಗಾವಲು) ಆಗಿತ್ತು, ಗದ್ದೆಬಯಲು ಎಲ್ಲಿತ್ತು, ಸಾಗರದ ಹಳೇ ಗಾಡಿದಾರಿ ಯಾವ ದಿಕ್ಕಿಗೆ ಹೋಗುತ್ತಿತ್ತು ಅಂತ ಹೇಳಲಿ. ನಮ್ಮಜ್ಜಿಯಂಥವರು ಈಚೆಯಿಂದ ‘ಅಲ್ಲಲ್ಲ, ಅದರ ಆಚೆ’ ಅಂತ ತಿದ್ದಲಿ. ಆ ಮಾತುಕತೆಯ ಹೊತ್ತಿಗೆ ಮಾತ್ರ ಒಳಗೊಂದು ಮೈಕ್ ಇಡಿ. ಹನ್ನೆರಡು ಗಂಟೆಗಿಂತ ಚಿಕ್ಕ ಲೈವುಗಳನ್ನು ಯೂಟ್ಯೂಬ್ ತಾನೇ ಉಳಿಸಿಡುತ್ತದೆ, ಅವು ನಮಗೆ ದಾಖಲೆಯೂ ಆಗುತ್ತವೆ. ಈ ಜಾಗಗಳ ಹೆಸರು ಬಾಯಲ್ಲಿರುವವರು ವರ್ಷವರ್ಷ ಕಮ್ಮಿಯಾಗುತ್ತಿದ್ದಾರೆ. ತಡ ಮಾಡಬೇಡಿ ಅಕ್ಕಾ.

ಇನ್ನೊಂದು. ಲಿಂಗನಮಕ್ಕಿ ಇವತ್ತು ಎಷ್ಟು ಅಡಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಭರ್ತಿ ಮಟ್ಟ 1819 ಅಡಿ. ಗಾಳಿ ಇಲ್ಲದ ಬೆಳಿಗ್ಗೆ ನೀರು ಮುಟ್ಟಿದ ಬಂಡೆಗೆ ಆ ದಿನದ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತ ಹೋಗಿ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕ್ಯಾಮೆರಾ ನೋಡಿಯೇ ಮಟ್ಟ ಹೇಳಬಹುದು.

ಬಲೆ ಹಾಕುವವ:

ಒಳ್ಳೆ ಕೆಲಸ. ಆದರೆ ನಮ್ಮ ಬಲೆ ಎಲ್ಲಿದೆ, ದೋಣಿ ಯಾವಾಗ ದಡಕ್ಕೆ ಬರುತ್ತದೆ ಅಂತ ಊರಿಗೆಲ್ಲ ಕಾಣುವುದು ಬೇಡ. ಬಲೆ ಕದಿಯುವವರೂ ಇದ್ದಾರೆ. ಬಟ್ಟೆ ಒಗೆಯುವ ಕಲ್ಲು, ಮಕ್ಕಳು ಈಜುವ ಜಾಗ ಸಹ ಬೇಡ. ಆಮೇಲೆ ಮರೆಮಾಡುತ್ತೇವೆ ಅನ್ನಬೇಡಿ, ಕ್ಯಾಮೆರಾದ ಸೆಟ್ಟಿಂಗಿನಲ್ಲೇ ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕಲು ಬರುತ್ತದಂತೆ. ಗ್ರಾಮಸಭೆಯಲ್ಲಿ ಟಿವಿ ಇಟ್ಟು ಏನು ಕಾಣುತ್ತದೆ ಅಂತ ತೋರಿಸಿ, ಹೆಂಗಸರು ಹೂಂ ಅಂದ ಮೇಲೇ ಶುರು ಮಾಡಿ.

ಹಿನ್ನೀರದಡ:

ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ಬಲೆಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಉತ್ತರಕ್ಕೆ ತಿರುಗಿಸಿದರೆ ನಡುಗಡ್ಡೆ, ಹಳೇ ರಸ್ತೆ ಏಳುವ ಜಾಗ, ಬಣ್ಣ ಹಚ್ಚಲು ಬರುವ ಬಂಡೆ ಮೂರೂ ಸಿಗುತ್ತವೆ. ಬಟ್ಟೆ ಒಗೆಯುವ ಕಲ್ಲು ಎಡಕ್ಕೆ ಹೊರಗೇ ಉಳಿಯುತ್ತದೆ. ದೋಣಿ ಕಟ್ಟುವ ಕಡೆಗೆ ಕಪ್ಪು ಪಟ್ಟಿ ಹಾಕುತ್ತೇವೆ. ಸೂರ್ಯಾಸ್ತ ಬೇಕಾದವರು ಇಲ್ಲಿಗೇ ಬರಲಿ. ಗ್ರಾಮಸಭೆಯಲ್ಲಿ ತೋರಿಸದೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ.

ಭದ್ರಾವತಿಯ ತಮ್ಮಾ, ಸಂಜೆ ಮಾತುಕತೆ ಖಂಡಿತ ಮಾಡೋಣ. ಗುರುವಾರ ಆದೀತಾ ಅಂತ ಅಜ್ಜಿಯನ್ನು ಕೇಳು, ಅವತ್ತು ಲೈಬ್ರರಿಗೆ ಹಿರಿಯರು ಹೆಚ್ಚು ಬರುತ್ತಾರೆ. ಅವರ ಮನೆ ಯಾವ ಊರಲ್ಲಿತ್ತು, ಅಕ್ಕಪಕ್ಕದ ಮನೆ ಯಾರದ್ದು ಅಂತ ಬರೆದು ಕಳಿಸಿದರೆ ಅದೇ ಕಡೆಯವರನ್ನು ಹುಡುಕಿ ಕೂರಿಸುತ್ತೇನೆ.

ಕೇಬಲಿನ ತಮ್ಮಾ, ತಾರಸಿಯಿಂದ ರೂಟರಿಗೆ ಸುಮಾರು ಐವತ್ತು ಅಡಿ ಇದೆ. ಫೈಬರ್ ತುಂಡು, ಅದರ ಎರಡು ಬದಿಯ ಡಬ್ಬಿ, ಸರ್ಜ್ ಪ್ರೊಟೆಕ್ಟರ್ ಸೇರಿ ಎಷ್ಟಾಗುತ್ತದೆ ಅಂತ ಒಂದು ಕೊಟೇಶನ್ ಬರೆದುಕೊಡು. ಪಂಚಾಯ್ತಿ ಮೀಟಿಂಗಿಗೆ ಇಡಬೇಕು.