ಹೈ-ಫ್ಲೋ ಕ್ಯಾಟ್ ಹಾಕಿಸಿದ ಮೇಲೆ ಪಿ0420 ಕೋಡ್, ಕೆಳಗಿನ ಆರ್‌ಪಿಎಂನಲ್ಲಿ ಎಳೆತವೂ ಕಮ್ಮಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 1.6 ಲೀಟರ್ ಪೆಟ್ರೋಲ್ ಗಾಡಿ, ಟರ್ಬೊ ಇಲ್ಲ. ಕಂಪನಿಯ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಭಾಗ, ಅಂದ್ರೆ ಕ್ಯಾಟ್) ತೆಗೆಸಿ, ಹೊಗೆ ಸಲೀಸಾಗಿ ಹೋಗೋ 200 ಸೆಲ್‌ನ ಹೈ-ಫ್ಲೋ ಹಾಕಿಸಿದೆ. ಅಲ್ಲಿಂದ ಹಿಂದಕ್ಕೆ ಪೂರ್ತಿ ಎರಡೂವರೆ ಇಂಚಿನ ಪೈಪು. ಮೇಲಿನ ಆರ್‌ಪಿಎಂನಲ್ಲಿ ಗಾಡಿ ಚೆನ್ನಾಗಿ ನುಗ್ಗುತ್ತೆ, ಆದ್ರೆ 2000ದ ಕೆಳಗೆ ಎಳೆತವಿಲ್ಲ. ಚೆಕ್ ಇಂಜಿನ್ ಲೈಟ್ ಬೇರೆ, ಸ್ಕ್ಯಾನರ್‌ನಲ್ಲಿ ಪಿ0420, ಅಂದ್ರೆ ಕ್ಯಾಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್. ಕ್ಯಾಟ್‌ನ ಹಿಂದಿನ ಆಕ್ಸಿಜನ್ ಸೆನ್ಸರ್‌ಗೆ ಸ್ಪೇಸರ್ (ಸೆನ್ಸರನ್ನು ಹೊಗೆಯ ದಾರಿಯಿಂದ ದೂರ ಸರಿಸೋ ತುಂಡು) ಹಾಕಿಸಿದ್ರೆ ಸರಿಹೋಗುತ್ತೆ ಅಂತಾರೆ. ಹಾಕಿಸಲಾ?

ಉತ್ತರ:
ಬೇಡ ಸರ್. ಸ್ಪೇಸರ್ ಹಾಕಿದ್ರೆ ಲೈಟ್ ಆರಬಹುದು, ಹೊಗೆ ಶುದ್ಧ ಆಗಲ್ಲ. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಒಳ್ಳೆಯ ಕ್ಯಾಟ್‌ನ ಲೇಪದಲ್ಲಿರುವ ಸೀರಿಯಾ (ಸೀರಿಯಂ ಆಕ್ಸೈಡ್) ಆಕ್ಸಿಜನ್ ಹಿಡಿದಿಟ್ಟು ಬೇಕಾದಾಗ ಬಿಡುತ್ತೆ. ಹಾಗಾಗಿ ಹಿಂದಿನ ಸೆನ್ಸರ್ ವೋಲ್ಟೇಜ್ 0.6–0.7ರ ಆಸುಪಾಸಿನಲ್ಲಿ ನಿಂತಿರಬೇಕು. ಅದು 0.1ರಿಂದ 0.9ಕ್ಕೆ ಬಿಡದೆ ಓಲಾಡ್ತಿದ್ರೆ ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಈ ಕೋಡ್ ಹಾಕುತ್ತೆ. 200 ಸೆಲ್ ಅಂದ್ರೆ ಚದರ ಇಂಚಿಗೆ 200 ರಂಧ್ರ. ಗಾಳಿ ಸಲೀಸಾಗಿ ಹೋಗುತ್ತೆ, ಆದ್ರೆ ಲೇಪ ಇರುವ ಜಾಗವೇ ಕಮ್ಮಿ.

ಆದ್ರೂ ಕ್ಯಾಟ್ ಮೇಲೆ ತಪ್ಪು ಹೊರಿಸೋ ಮೊದಲು ಲೀಕ್ ನೋಡಿ. ಹೊಸ ಎಕ್ಸಾಸ್ಟ್ ಕೂರಿಸಿದ ಕಡೆ ಇದು ಸಾಮಾನ್ಯ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಫ್ಲಾಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸೋ ಅಂಚು) ಮತ್ತು ವೆಲ್ಡಿಂಗ್ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದರೆ, ಇಲ್ಲಾ ಕೀಲಿನ ಸುತ್ತ ಕಪ್ಪು ಮಸಿ ಕಂಡರೆ ಅಲ್ಲೇ ಲೀಕ್. ಹೊಗೆ ಹೊರಗೆ ಹೋಗೋದಷ್ಟೇ ಅಲ್ಲ, ಇಂಜಿನ್ ಹೊಗೆ ತಳ್ಳೋ ಎರಡು ಒತ್ತಡದ ಅಲೆಗಳ ನಡುವೆ ಹೊರಗಿನ ಗಾಳಿ ಒಳಗೂ ಬರುತ್ತೆ. ಸೆನ್ಸರ್ ಅದನ್ನೇ ಆಕ್ಸಿಜನ್ ಅಂತ ಓದುತ್ತೆ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಕ್ಯಾಟ್ ಮುಂದಿನ ಫ್ಲಾಂಜ್‌ನ ಒಂದು ಮಗ್ಗುಲಲ್ಲಿ ಮಸಿ ಇತ್ತು, ಗ್ಯಾಸ್ಕೆಟ್ ಅಲ್ಲೇ ಸುಟ್ಟು ತೆಳುವಾಗಿತ್ತು. ಬದಲಿಸಿ ಕೋಡ್ ಅಳಿಸಿದೆ. ಹಿಂದಿನ ಸೆನ್ಸರ್ ಈಗ 0.7ರ ಹತ್ತಿರ ನಿಂತಿದೆ, ಆಗಾಗ ಸ್ವಲ್ಪ ಇಳಿಯುತ್ತೆ. ಎಳೆತ ಮಾತ್ರ ಹಾಗೇ ಇದೆ.

ಉತ್ತರ:
ಬಹಳ ಸಂತೋಷ! ಆದ್ರೆ ಕೋಡ್ ಅಳಿಸಿದ ತಕ್ಷಣ ಗೆದ್ದೆವು ಅನ್ನೋ ಹಾಗಿಲ್ಲ. ಸ್ಕ್ಯಾನರ್‌ನ ರೆಡಿನೆಸ್ ಪುಟದಲ್ಲಿ ಕ್ಯಾಟಲಿಸ್ಟ್ ಪರೀಕ್ಷೆ ಪೂರ್ತಿಯಾಗಿದೆ ಅಂತ ಬರೋವರೆಗೆ ಗಾಡಿ ಓಡಿಸಿ. ಕೋಡ್ ಮತ್ತೆ ಬಂದ್ರೆ 400 ಸೆಲ್‌ನದ್ದು ಹಾಕಿಸಿ, ಪವರ್‌ನಲ್ಲಿ ದೊಡ್ಡ ನಷ್ಟ ಆಗಲ್ಲ.

ಎಳೆತಕ್ಕೆ ನನ್ನ ಅನುಮಾನ ಪೈಪಿನ ಮೇಲೆ. ಟರ್ಬೊ ಇಲ್ಲದ 1.6ಕ್ಕೆ ಎರಡೂವರೆ ಇಂಚು ಜಾಸ್ತಿಯೇ ಆಯ್ತು. ಕೆಳಗಿನ ಆರ್‌ಪಿಎಂನಲ್ಲಿ ಹೊಗೆಯ ವೇಗ ಬಿದ್ದುಹೋಗುತ್ತೆ, ಸಿಲಿಂಡರ್ ಖಾಲಿಯಾಗಲು ಆ ವೇಗದಿಂದ ಸಿಗೋ ಸೆಳೆತವೂ ಹೋಗುತ್ತೆ. ಎರಡು ಅಥವಾ ಎರಡೂಕಾಲು ಇಂಚು ಸಾಕು. ಮಫ್ಲರ್ ಹಾಗೇ ಇರಲಿ, ನಡುವಿನ ಪೈಪ್ ಮೊದಲು ಬದಲಿಸಿ ನೋಡಿ.